ಒಂದು ಯುದ್ಧವನ್ನು ಜನಾಂಗಹತ್ಯೆ ಎನ್ನುವುದು ಯಾವಾಗ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವೂ ಇಲ್ಲಿದೆ.)

ಎಲ್ಲರಿಗೂ ನಮಸ್ಕಾರ.

1994ರ ಜೂನ್ 10. ವಾಷಿಂಗ್ಟನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪತ್ರಿಕಾಗೋಷ್ಠಿ. ಆಫ್ರಿಕಾದ ರುವಾಂಡಾದಲ್ಲಿ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಹುಡುಕಿ ಹುಡುಕಿ ಕೊಲ್ಲುವುದು ಶುರುವಾಗಿ ಎರಡು ತಿಂಗಳಾಗಿತ್ತು. ಇಲಾಖೆಯ ವಕ್ತಾರೆ ಅಳೆದು ತೂಗಿ ಮಾತಾಡುತ್ತಿದ್ದರು. ಅಲ್ಲಿ 'ಜನಾಂಗಹತ್ಯೆಯ ಕೃತ್ಯಗಳು' ನಡೆದಿವೆ ಅಂದರು. ಜನಾಂಗಹತ್ಯೆ ನಡೆದಿದೆ ಅಂತ ಮಾತ್ರ ಹೇಳಲಿಲ್ಲ. ಒಬ್ಬ ವರದಿಗಾರ ಕೇಳಿಯೇಬಿಟ್ಟ: ಇಂಥ ಎಷ್ಟು ಕೃತ್ಯಗಳು ಸೇರಿದರೆ ಜನಾಂಗಹತ್ಯೆ ಆಗುತ್ತದೆ? ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಾನದಲ್ಲಿ ತಾನಿಲ್ಲ ಎಂದು ಅವರು ಜಾರಿಕೊಂಡರು.

ಯಾಕಿಷ್ಟು ಹಿಂಜರಿಕೆ? ಅದೇ ವರ್ಷದ ಮೇ 1ರ ಒಂದು ಸರ್ಕಾರಿ ಟಿಪ್ಪಣಿ ಆಮೇಲೆ ಬಹಿರಂಗವಾಯಿತು. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ತಯಾರಾದದ್ದು. ಈ ಪದದ ವಿಷಯದಲ್ಲಿ ಹುಷಾರಾಗಿರಿ, ಅದನ್ನು ಒಪ್ಪಿಕೊಂಡರೆ ಸರ್ಕಾರ ನಿಜವಾಗಿಯೂ 'ಏನಾದರೂ ಮಾಡಬೇಕಾಗಿ' ಬರಬಹುದು, ವಿದೇಶಾಂಗ ಇಲಾಖೆಯ ಕಾನೂನು ವಿಭಾಗಕ್ಕೆ ಇದೇ ಚಿಂತೆ ಅನ್ನುವ ಅರ್ಥದ ಸಾಲು ಅದರಲ್ಲಿದೆ. ಸುಮಾರು ನೂರು ದಿನಗಳಲ್ಲಿ 8 ಲಕ್ಷದಷ್ಟು ಜನ ಸತ್ತರು ಅನ್ನುವುದು ವಿಶ್ವಸಂಸ್ಥೆ ಸಾಮಾನ್ಯವಾಗಿ ಹೇಳುವ ಲೆಕ್ಕ.

ಹತ್ತು ವರ್ಷದ ನಂತರ ಇದಕ್ಕೆ ಪೂರ್ತಿ ಉಲ್ಟಾ ನಡೆಯಿತು. 2004ರ ಸೆಪ್ಟೆಂಬರ್ 9ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಸೆನೆಟ್ ಸಮಿತಿಯ ಮುಂದೆ ಕೂತು, ಸುಡಾನ್‌ನ ಡಾರ್ಫರ್‌ನಲ್ಲಿ ಜನಾಂಗಹತ್ಯೆ ನಡೆದಿದೆ ಎಂದು ಸ್ಪಷ್ಟವಾಗಿ ಹೇಳಿದರು. ಅದರ ಬೆನ್ನಲ್ಲೇ ಇನ್ನೊಂದು ಮಾತನ್ನೂ ಸೇರಿಸಿದರು: ಈ ತೀರ್ಮಾನದಿಂದಾಗಿ ನಾವು ಹೊಸದಾಗಿ ಏನೂ ಮಾಡಬೇಕಾಗಿಲ್ಲ. ವಿಶ್ವಸಂಸ್ಥೆ ತನಿಖೆ ಮಾಡಲಿ ಅಂತ ಕೇಳಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಆ ತನಿಖೆ ನಡೆಯಿತು. ಇಟಲಿಯ ಕಾನೂನು ಪಂಡಿತ ಆಂಟೊನಿಯೊ ಕ್ಯಾಸೆಸೆ ಅದರ ಅಧ್ಯಕ್ಷರು. 2005ರ ಜನವರಿಯಲ್ಲಿ ವರದಿ ಬಂತು. ಸುಡಾನ್ ಸರ್ಕಾರ ಜನಾಂಗಹತ್ಯೆಯ ನೀತಿ ಅನುಸರಿಸಿದೆ ಎಂದು ಹೇಳಲಾಗದು, ಆದರೆ ಅಲ್ಲಿ ನಡೆದ ಬೇರೆ ಅಪರಾಧಗಳು ಅದಕ್ಕಿಂತ ಕಡಿಮೆ ಘೋರವೇನಲ್ಲ ಎಂದಿತು ಆಯೋಗ. ಪತ್ರಿಕೆಗಳ ತಲೆಬರಹಕ್ಕೆ ಹತ್ತಿದ್ದು ಮೊದಲ ಅರ್ಧ ಮಾತ್ರ. ತಮಾಷೆ ಅಂದರೆ ಆ ಪದವನ್ನು ನಿರಾಕರಿಸಿದ ಈ ವರದಿಯ ಶಿಫಾರಸಿನ ಮೇಲೆಯೇ ಭದ್ರತಾ ಮಂಡಳಿ 2005ರ ಮಾರ್ಚ್‌ನಲ್ಲಿ ಡಾರ್ಫರ್ ಪ್ರಕರಣವನ್ನು, ವ್ಯಕ್ತಿಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿದ್ದು. ಆ ನ್ಯಾಯಾಲಯದಲ್ಲಿ ಡಾರ್ಫರ್ ಕುರಿತು ಒಬ್ಬ ಆರೋಪಿ ಮೊದಲ ಬಾರಿಗೆ ತಪ್ಪಿತಸ್ಥ ಅಂತ ತೀರ್ಮಾನವಾಗಿದ್ದು 2025ರ ಅಕ್ಟೋಬರ್‌ನಲ್ಲಿ. ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ಇವೇ ಅವನ ಮೇಲಿನ ಆರೋಪಗಳು. ಜನಾಂಗಹತ್ಯೆ ಅದರಲ್ಲಿ ಇರಲಿಲ್ಲ.

ಅಂದರೆ ಒಂದು ಕಡೆ ಪದ ಬಳಸದೆ ಕೈಕಟ್ಟಿ ಕೂತರು. ಇನ್ನೊಂದು ಕಡೆ ಪದ ಬಳಸಿಯೂ ಕೈಕಟ್ಟಿ ಕೂತರು. ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ಯುದ್ಧವೊಂದಕ್ಕೆ ಈ ಹೆಸರು ಅನ್ವಯಿಸುತ್ತದೋ ಇಲ್ಲವೋ ಅನ್ನುವ ವಾದ ಬೇಕಾದದ್ದೇ. ಆದರೆ ಆ ವಾದ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯುವುದಕ್ಕೆ ಕಾನೂನಿನಲ್ಲೇ ಜಾಗವಿಲ್ಲ. ಕಾಯುವವರು ಕಾನೂನಿನ ಹೆಸರು ಹೇಳಿಕೊಂಡೇ ಕಾಯುತ್ತಾರೆ ಅನ್ನುವುದು ನನ್ನ ತಕರಾರು.

ಮೊದಲು ಈ ಪದ ಎಲ್ಲಿಂದ ಬಂತು ನೋಡೋಣ. ರಫಾಯೆಲ್ ಲೆಮ್ಕಿನ್ ಪೋಲೆಂಡ್‌ನ ಯಹೂದಿ ವಕೀಲ. ನಾತ್ಸಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದರು. ಅವರ ಕುಟುಂಬ, ಬಂಧುಬಳಗದ 49 ಜನ ಸತ್ತರು. 1944ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು 'ಜೀನೋಸೈಡ್' ಅನ್ನುವ ಪದವನ್ನು ಹೊಸದಾಗಿ ಕಟ್ಟಿದರು. ಅವರ ಕಲ್ಪನೆ ಬಹಳ ಅಗಲವಾದದ್ದು. ಎಲ್ಲರನ್ನೂ ಒಂದೇ ಸಲ ಕೊಲ್ಲಬೇಕಂತಿಲ್ಲ. ಒಂದು ಸಮುದಾಯದ ಭಾಷೆ, ಧರ್ಮ, ಸಂಸ್ಥೆಗಳು, ಹೊಟ್ಟೆಪಾಡು, ಮಾನ, ಪ್ರಾಣ ಎಲ್ಲದರ ಮೇಲೆ ಯೋಜನೆ ಹಾಕಿ ದಾಳಿ ಮಾಡಿ, ಆ ಸಮುದಾಯವೇ ಉಳಿಯದ ಹಾಗೆ ಮಾಡುವುದೂ ಅವರ ಲೆಕ್ಕದಲ್ಲಿ ಇದರೊಳಗೆ ಬರುತ್ತಿತ್ತು.

ನ್ಯೂರೆಂಬರ್ಗ್ ವಿಚಾರಣೆಯ ಆರೋಪಪಟ್ಟಿಯಲ್ಲಿ ಈ ಪದ ಇತ್ತು. 1946ರ ತೀರ್ಪಿನಲ್ಲಿ ಇರಲಿಲ್ಲ. ಇದನ್ನು ಕೇಳಿದಾಗ ಬಹಳ ಜನ ನಂಬುವುದಿಲ್ಲ. ಅಲ್ಲಿ ನಾತ್ಸಿ ನಾಯಕರಿಗೆ ಗಲ್ಲು ಶಿಕ್ಷೆ ಆದದ್ದು ಬೇರೆ ಅಪರಾಧಗಳ ಹೆಸರಿನಲ್ಲಿ. ಲೆಮ್ಕಿನ್‌ಗೆ ಅದು ದೊಡ್ಡ ಪೆಟ್ಟು. ಬಿಡಲಿಲ್ಲ ಆ ಮನುಷ್ಯ. ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಪ್ರತಿನಿಧಿಗಳ ಹಿಂದೆ ಬಿದ್ದು, ಕಾಡಿ ಬೇಡಿ, 1948ರ ಡಿಸೆಂಬರ್ 9ರಂದು ಜನಾಂಗಹತ್ಯೆ ತಡೆ ಒಪ್ಪಂದಕ್ಕೆ ಒಪ್ಪಿಗೆ ಸಿಗುವ ತನಕ ಹಟ ಹಿಡಿದರು. ಅದು ಜಾರಿಗೆ ಬಂದದ್ದು 1951ರಲ್ಲಿ.

ಆದರೆ ಒಪ್ಪಂದ ಬರೆಯುವ ಹೊತ್ತಿಗೆ ಚೌಕಾಸಿ ನಡೆಯಿತು. ರಾಜಕೀಯ ಗುಂಪುಗಳನ್ನು ಸೇರಿಸಬೇಡಿ ಎಂದು ಪಟ್ಟು ಹಿಡಿದವರಲ್ಲಿ ಸೋವಿಯತ್ ಒಕ್ಕೂಟ ಮುಂದಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಂಸ್ಕೃತಿಯನ್ನು ನಾಶ ಮಾಡುವುದನ್ನು ಕೈಬಿಡಿ ಅಂದವರಲ್ಲಿ ವಸಾಹತು ಇಟ್ಟುಕೊಂಡಿದ್ದ ದೇಶಗಳೂ ಅಮೆರಿಕವೂ ಇದ್ದವು. ಅದಕ್ಕೂ ಕಾರಣ ಊಹಿಸಬಹುದು. ಹಾಗಾಗಿ ಕೊನೆಗೆ ಉಳಿದದ್ದು ಕಿರಿದಾದ ವ್ಯಾಖ್ಯೆ. ರಾಷ್ಟ್ರೀಯ, ಜನಾಂಗೀಯ, ವರ್ಣದ ಅಥವಾ ಧಾರ್ಮಿಕ ಗುಂಪೊಂದನ್ನು, ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶದಿಂದ ಮಾಡಿದ ಐದು ಬಗೆಯ ಕೆಲಸಗಳು. ಕೊಲ್ಲುವುದು, ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಯನ್ನು ಬೇಕಂತಲೇ ಹೇರುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು.

ಸತ್ತವರ ಸಂಖ್ಯೆಯ ಮಾತೇ ಇದರಲ್ಲಿ ಇಲ್ಲ, ಗಮನಿಸಿ. ಯುದ್ಧ ಕಾಲವೋ ಶಾಂತಿ ಕಾಲವೋ ಅನ್ನುವುದೂ ಮುಖ್ಯವಲ್ಲ, ಎರಡರಲ್ಲೂ ಅದು ಅಪರಾಧವೇ. ಎಲ್ಲ ಭಾರವೂ ನಿಂತಿರುವುದು ಉದ್ದೇಶ ಅನ್ನುವ ಒಂದು ಪದದ ಮೇಲೆ.

ಇಲ್ಲೇ ಜನಸಾಮಾನ್ಯರ ಮಾತಿಗೂ ವಕೀಲರ ಮಾತಿಗೂ ದಾರಿ ಬೇರೆಯಾಗುವುದು. ಟಿವಿಯಲ್ಲಿ ನೆಲಸಮವಾದ ಊರು, ಹಸಿದ ಮಕ್ಕಳನ್ನು ನೋಡಿದವರು ಜನಾಂಗಹತ್ಯೆ ಅಂದಾಗ, ಅವರ ಮನಸ್ಸಿನಲ್ಲಿ ಇರುವುದು ಲೆಮ್ಕಿನ್ ಕಂಡಿದ್ದ ಅಗಲವಾದ ಅರ್ಥ. ಅಲ್ಲ ಅನ್ನುವ ವಕೀಲರ ಕೈಯಲ್ಲಿರುವುದು 1948ರ ಕಿರಿದಾದ ಪಠ್ಯ. ಎಷ್ಟೋ ಸಲ ಇಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ, ಅಷ್ಟೆ. ಹಾಗಂತ ಸಾಮಾನ್ಯ ಜನ ದಡ್ಡರು, ವಕೀಲರು ಕಲ್ಲೆದೆಯವರು ಅಂತ ನಾನು ಹೇಳುವುದಿಲ್ಲ. ಪದವನ್ನು ಹುಟ್ಟಿಸಿದವರೇ ಅದನ್ನು ಬಳಸುವಾಗ ಎರಡು ಅಳತೆ ಇಟ್ಟುಕೊಂಡಿದ್ದರು. 1951ರಲ್ಲಿ ಗಾಯಕ, ಹೋರಾಟಗಾರ ಪಾಲ್ ರಾಬ್ಸನ್ ಮತ್ತು ಗೆಳೆಯರು ಅಮೆರಿಕದ ಕರಿಯರ ಮೇಲೆ ನಡೆಯುತ್ತಿರುವುದು ಜನಾಂಗಹತ್ಯೆ ಎಂದು ವಿಶ್ವಸಂಸ್ಥೆಗೆ ಮನವಿ ಕೊಟ್ಟರು. ಲೆಮ್ಕಿನ್ ಅದನ್ನು ವಿರೋಧಿಸಿದರು. ಅಮೆರಿಕ ಒಪ್ಪಂದಕ್ಕೆ ಸೇರಬೇಕು ಅನ್ನುವುದು ಅವರ ದೊಡ್ಡ ಆಸೆಯಾಗಿತ್ತು. ಅವರೇ 1953ರಲ್ಲಿ ಸೋವಿಯತ್ ಆಡಳಿತ ಉಕ್ರೇನ್‌ನಲ್ಲಿ ಮಾಡಿದ್ದು ಜನಾಂಗಹತ್ಯೆ ಅಂತ ನ್ಯೂಯಾರ್ಕ್‌ನಲ್ಲಿ ಭಾಷಣ ಮಾಡಿದರು. ಅಂದಹಾಗೆ, ಅಮೆರಿಕ ಒಪ್ಪಂದಕ್ಕೆ ಸೇರಿದ್ದು 1988ರಲ್ಲಿ. ಲೆಮ್ಕಿನ್ ತೀರಿಕೊಂಡು ಆಗಲೇ ಮೂರು ದಶಕ ಸಮೀಪಿಸಿತ್ತು.

ಈಗ ಉದ್ದೇಶದ ವಿಷಯ. ಯಾರೂ ತಮ್ಮ ಉದ್ದೇಶವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡುವುದಿಲ್ಲ, ಅಲ್ವಾ? ಹಾಗಾಗಿ ನ್ಯಾಯಾಲಯ ಅದನ್ನು ಊಹಿಸಬೇಕು. ರುವಾಂಡಾದ ಒಬ್ಬ ಮೇಯರ್, ಜಾನ್ ಪಾಲ್ ಅಕಯೇಸು ಅಂತ. 1998ರ ಸೆಪ್ಟೆಂಬರ್ 2ರಂದು ಅವನ ಮೇಲೆ ಬಂದ ತೀರ್ಪು, ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಜನಾಂಗಹತ್ಯೆಗೆ ಒಬ್ಬನನ್ನು ತಪ್ಪಿತಸ್ಥ ಎಂದ ಮೊದಲ ತೀರ್ಪು. ದಾಳಿಗಳ ಕ್ರಮ, ಗುರಿ ಮಾಡಿದವರು ಯಾರು, ಭಾಷಣಗಳಲ್ಲಿ ಬಂದ ಮಾತು, ಇವುಗಳಿಂದ ಉದ್ದೇಶವನ್ನು ಊಹಿಸಬಹುದು ಎಂದರು ನ್ಯಾಯಾಧೀಶರು. ಸಾಮೂಹಿಕ ಅತ್ಯಾಚಾರವೂ ಜನಾಂಗಹತ್ಯೆಯ ಸಾಧನ ಆಗಬಹುದು ಅಂತಲೂ ಹೇಳಿದರು. ಆ ಮೂವರು ನ್ಯಾಯಾಧೀಶರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ನವಿ ಪಿಳ್ಳೈ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಬೋಸ್ನಿಯಾದಲ್ಲಿ ಊಹೆಯ ಅಳತೆ ಇನ್ನಷ್ಟು ಬಿಗಿಯಾಯಿತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾ ಅನ್ನುವ ಊರಿನಲ್ಲಿ ಬೋಸ್ನಿಯಾದ ಸರ್ಬ್ ಸೇನೆ 8 ಸಾವಿರದಷ್ಟು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದಿತು. ಹೆಂಗಸರು, ಮಕ್ಕಳು, ಮುದುಕರನ್ನು ಬಸ್ಸುಗಳಲ್ಲಿ ಹೊರಗೆ ಸಾಗಿಸಿತು. ಕೊಲ್ಲಲಿಲ್ಲವಲ್ಲ, ಹಾಗಾದರೆ ಇದು ಜನಾಂಗಹತ್ಯೆ ಹೇಗೆ ಅಂತ ವಾದ ಬಂತು. ಯುಗೊಸ್ಲಾವಿಯಾ ಕುರಿತ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಒಂದು ಕಡೆ ಗಂಡಸರೆಲ್ಲ ಸಾವು, ಇನ್ನೊಂದು ಕಡೆ ಉಳಿದವರೆಲ್ಲ ಗಡಿಪಾರು. ಆ ಸಮುದಾಯ ಆ ನೆಲದಲ್ಲಿ ಮತ್ತೆ ಹುಟ್ಟಲಾರದು ಅನ್ನುವುದು ಮಾಡಿದವರಿಗೆ ಗೊತ್ತಿತ್ತು ಅಂದಿತು. ಒಂದು ಊರಿನ ಸುತ್ತಲ ಸುಮಾರು 40 ಸಾವಿರ ಜನ ಕೂಡ ಗುಂಪಿನ ಮುಖ್ಯವಾದ 'ಭಾಗ' ಆಗಬಹುದು ಅಂತಲೂ ಒಪ್ಪಿತು. ಆದರೂ ಆ ಸರ್ಬ್ ಸೇನೆಯ ಜನರಲ್ ಕ್ರಿಸ್ಟಿಚ್ ಅವರ ಮೇಲ್ಮನವಿಯಲ್ಲಿ, ಅವರಿಗೇ ಆ ಉದ್ದೇಶ ಇತ್ತೆಂದು ಸಾಬೀತಾಗಿಲ್ಲ, ಬೇರೆಯವರಿಗೆ ನೆರವಾದರು ಅಷ್ಟೇ ಎಂದು ಶಿಕ್ಷೆಯನ್ನು 46 ವರ್ಷದಿಂದ 35ಕ್ಕೆ ಇಳಿಸಿತು. ಊರಿನಲ್ಲಿ ಜನಾಂಗಹತ್ಯೆ ನಡೆದಿದೆ. ಆದರೆ ಕಟಕಟೆಯಲ್ಲಿರುವ ಈ ಸೇನಾನಿಯ ತಲೆಯಲ್ಲಿ ಆ ಉದ್ದೇಶ ಇತ್ತು ಅನ್ನಲಾಗದು! ಕಾನೂನು ಇಷ್ಟು ನುಣುಪಾಗಿ ಎಳೆ ಬಿಡಿಸುತ್ತದೆ.

ಬೋಸ್ನಿಯಾ ದೇಶವು ಸರ್ಬಿಯಾದ ಮೇಲೆ, ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದ್ದು 1993ರಲ್ಲಿ. ತೀರ್ಪು ಬಂದದ್ದು 2007ರ ಫೆಬ್ರವರಿ 26ರಂದು. ಹದಿನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಯುದ್ಧ ಮುಗಿದು, ಸಾಕ್ಷಿಗಳಲ್ಲಿ ಎಷ್ಟೋ ಜನ ಹೋಗಿದ್ದರು. ಬೋಸ್ನಿಯಾದ ಬೇರೆ ಕಡೆಯ ಕೊಲೆ, ಶಿಬಿರಗಳ ಹಿಂಸೆ ಜನಾಂಗಹತ್ಯೆಯಲ್ಲ, ಸ್ರೆಬ್ರೆನಿತ್ಸಾ ಮಾತ್ರ ಹೌದು ಎಂದಿತು ನ್ಯಾಯಾಲಯ. ಅದನ್ನು ಸರ್ಬಿಯಾ ತಾನೇ ಮಾಡಿಲ್ಲ, ಆದರೆ ತಡೆಯಲಿಲ್ಲ, ತಪ್ಪಿತಸ್ಥರನ್ನು ಶಿಕ್ಷಿಸಲಿಲ್ಲ ಎಂದಿತು. 2015ರಲ್ಲಿ ಕ್ರೊಯೇಷಿಯಾ ಮತ್ತು ಸರ್ಬಿಯಾ ಒಬ್ಬರ ಮೇಲೊಬ್ಬರು ಹೂಡಿದ್ದ ದಾವೆಗಳನ್ನು ವಜಾ ಮಾಡುವಾಗ ಅಳತೆಯನ್ನು ಸ್ಪಷ್ಟವಾಗಿ ಹೇಳಿತು: ನಡೆದ ಘಟನೆಗಳಿಂದ ಹೊರಡುವ ಒಂದೇ ಒಂದು ಸಮಂಜಸ ತೀರ್ಮಾನ ನಾಶದ ಉದ್ದೇಶವೇ ಆಗಿರಬೇಕು.

ಈ 2007ರ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಚರ್ಚೆಗಳಲ್ಲಿ ಇದು ಬರುವುದೇ ಕಡಿಮೆ. ಜನಾಂಗಹತ್ಯೆಯನ್ನು ತಡೆಯುವ ಹೊಣೆ ಒಂದು ದೇಶಕ್ಕೆ ಬರುವುದು ಯಾವಾಗ? ಗಂಭೀರ ಅಪಾಯ ಇದೆ ಎಂದು ತಿಳಿದ ಕ್ಷಣ, ಅಥವಾ ತಿಳಿಯಬೇಕಾಗಿದ್ದ ಕ್ಷಣ. ಉದ್ದೇಶ ಸಾಬೀತಾದ ಮೇಲೆ ಅಂತ ನ್ಯಾಯಾಲಯ ಹೇಳಲಿಲ್ಲ. ಶಿಕ್ಷೆ ಕೊಡುವುದಕ್ಕೆ ಬೇಕಾದ ಪುರಾವೆಯ ಅಳತೆ ಬೇರೆ, ತಡೆಯುವುದಕ್ಕೆ ಬೇಕಾದ ಅಳತೆ ಬೇರೆ. ಹೊಗೆ ಕಂಡಾಗ ನೀರು ತರುವವನು, ಬೆಂಕಿ ಹಚ್ಚಿದವನು ಯಾರು ಅನ್ನುವ ಕೇಸು ಮುಗಿಯಲಿ ಅಂತ ಕೂರುವುದಿಲ್ಲ. ನಮ್ಮ ಕಾಲದ ಸರ್ಕಾರಗಳು ಮಾತ್ರ ಹಾಗೇ ಕಾಯುತ್ತಾ ಕೂರುತ್ತವೆ. 'ಅದನ್ನು ನ್ಯಾಯಾಲಯ ತೀರ್ಮಾನಿಸಲಿ' ಅನ್ನುವ ಸಾಲು ಕೇಳಿದರೆ ಬಹಳ ಗಂಭೀರವಾಗಿ, ಜವಾಬ್ದಾರಿಯಿಂದ ಹೇಳಿದಂತೆ ಇರುತ್ತದೆ. ಆಯುಧ ಮಾರುವ ದೇಶದ ಬಾಯಲ್ಲಿ ಅದೇ ಸಾಲು ಬಂದರೆ, ಹದಿನಾಲ್ಕು ವರ್ಷ ಮಾರುತ್ತಾ ಇರುತ್ತೇವೆ ಅಂತ ಅರ್ಥ.

ಇದರ ಇನ್ನೊಂದು ಮುಖವೂ ಇದೆ. 'ಅಲ್ಲ' ಅನ್ನುವ ತೀರ್ಪು ಬಂದರೆ ಅದು ಖುಲಾಸೆ ಅಲ್ಲ. ಕಾಂಬೋಡಿಯಾ ನೋಡಿ. 1975ರಿಂದ 1979ರ ನಡುವೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅನ್ನುವುದು ಸಾಮಾನ್ಯ ಅಂದಾಜು. ಅದನ್ನು ಜನಾಂಗಹತ್ಯೆ ಅಂತಲೇ ಜಗತ್ತೆಲ್ಲ ಕರೆಯುತ್ತದೆ. 2018ರ ನವೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಆ ಗುಂಪಿನ ನಾಯಕರಲ್ಲೊಬ್ಬರಾದ ನುವೊನ್ ಚಿಯಾ ಅವರಿಗೆ ಆ ಅಪರಾಧಕ್ಕೆ ಶಿಕ್ಷೆ ಕೊಟ್ಟಿತು. ಯಾರ ವಿಷಯದಲ್ಲಿ? ಅಲ್ಲಿದ್ದ ವಿಯೆಟ್ನಾಮೀಯರು ಮತ್ತು ಚಾಮ್ ಮುಸ್ಲಿಮರ ವಿಷಯದಲ್ಲಿ. ಸತ್ತವರಲ್ಲಿ ಬಹುಪಾಲು ಜನ ಖ್ಮೇರರು, ಕೊಂದವರೂ ಖ್ಮೇರರು. ವರ್ಗಶತ್ರುಗಳು, ದ್ರೋಹಿಗಳು ಅಂತ ಕೊಂದದ್ದು. ರಾಜಕೀಯ ಗುಂಪು 1948ರಲ್ಲೇ ಪಟ್ಟಿಯಿಂದ ಹೊರಗೆ ಹೋಗಿತ್ತಲ್ಲ, ಹಾಗಾಗಿ ಅದು ಮಾನವತೆಯ ವಿರುದ್ಧದ ಅಪರಾಧ. ಇಷ್ಟು ಲಕ್ಷ ಹೆಣಗಳನ್ನು 'ಬರೀ' ಮಾನವತೆಯ ವಿರುದ್ಧದ ಅಪರಾಧ ಅನ್ನಲು ನಿಮ್ಮ ನಾಲಿಗೆ ಏಳುತ್ತದೆಯೇ? ಆ 'ಬರೀ' ಅನ್ನುವುದನ್ನು ತಂದಿಟ್ಟದ್ದು ನಾವು. ರುವಾಂಡಾ ನ್ಯಾಯಮಂಡಳಿ ಜನಾಂಗಹತ್ಯೆಯನ್ನು 'ಅಪರಾಧಗಳ ಅಪರಾಧ' ಅಂತ ಕರೆಯಿತು. ಅಂದಿನಿಂದ ಮಿಕ್ಕಿದ್ದೆಲ್ಲ ಎರಡನೇ ದರ್ಜೆಯದು ಅನ್ನುವ ಭಾವನೆ ಬೇರೂರಿದೆ. ಅದಕ್ಕೇ ನೊಂದವರಿಗೆ ಆ ಒಂದು ಪದವೇ ಬೇಕು. ಆರೋಪಿಗಳಿಗೆ ಆ ಒಂದು ಪದದಿಂದ ತಪ್ಪಿಸಿಕೊಂಡರೆ ಸಾಕು.

1971ರ ಪೂರ್ವ ಪಾಕಿಸ್ತಾನದ ಕಥೆಯನ್ನೂ ಹೇಳಬೇಕು. ಅದರಲ್ಲಿ ಈ ಪದ ಪಟ್ಟ ಪಾಡು ವಿಚಿತ್ರವಾದದ್ದು. ಮಾರ್ಚ್ 25ರ ರಾತ್ರಿ ಪಾಕಿಸ್ತಾನ ಸೇನೆಯ ದಾಳಿ ಶುರುವಾಯಿತು. ಮೂರೇ ದಿನಕ್ಕೆ ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ತಮ್ಮ ಸರ್ಕಾರಕ್ಕೆ ಕಳಿಸಿದ ತಂತಿಯ ತಲೆಬರಹ 'ಆಯ್ದು ಮಾಡಿದ ಜನಾಂಗಹತ್ಯೆ' ಅಂತಿತ್ತು. ಜೂನ್ 13ರಂದು ಲಂಡನ್ನಿನ ಸಂಡೇ ಟೈಮ್ಸ್‌ನಲ್ಲಿ ಆಂಟನಿ ಮಸ್ಕರೇನ್ಹಸ್ ಅವರ ವರದಿ ಆ ಒಂದೇ ಪದದ ತಲೆಬರಹದಲ್ಲಿ ಬಂತು. ನಿಕ್ಸನ್ ಸರ್ಕಾರ ಪಾಕಿಸ್ತಾನದ ಕೈ ಬಿಡಲಿಲ್ಲ. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿತು.

ಯುದ್ಧ ಮುಗಿದ ಮೇಲೆ ಪಾಕಿಸ್ತಾನದ 195 ಯುದ್ಧಕೈದಿಗಳನ್ನು ವಿಚಾರಣೆಗೆ ಒಪ್ಪಿಸಿ ಎಂದು ಬಾಂಗ್ಲಾದೇಶ ಕೇಳಿತು. ಕೈದಿಗಳು ಇದ್ದದ್ದು ಭಾರತದ ವಶದಲ್ಲಿ. ಆಗ 1973ರ ಮೇನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವರು ಯಾರು ಗೊತ್ತೇ? ಪಾಕಿಸ್ತಾನ. ಅದೇ ಜನಾಂಗಹತ್ಯೆ ಒಪ್ಪಂದವನ್ನು ಮುಂದಿಟ್ಟು, ಅವರನ್ನು ವಿಚಾರಿಸುವ ಹಕ್ಕು ನನಗೆ ಮಾತ್ರ ಇದೆ ಅಂದಿತು. ಭಾರತ ತನ್ನ ಷರತ್ತನ್ನು ತೋರಿಸಿತು. 1959ರಲ್ಲಿ ಒಪ್ಪಂದಕ್ಕೆ ಸೇರುವಾಗಲೇ, ನಮ್ಮ ಒಪ್ಪಿಗೆ ಇಲ್ಲದೆ ಒಂಬತ್ತನೇ ವಿಧಿಯ ಕೆಳಗೆ ನಮ್ಮ ಮೇಲೆ ದಾವೆ ಹೂಡುವಂತಿಲ್ಲ ಎಂದು ಬರೆಸಿತ್ತು. ಡಿಸೆಂಬರ್‌ನಲ್ಲಿ ಪಾಕಿಸ್ತಾನ ದಾವೆ ವಾಪಸ್ ತೆಗೆದುಕೊಂಡಿತು. 1974ರ ಏಪ್ರಿಲ್‌ನಲ್ಲಿ ಮೂರೂ ದೇಶಗಳ ರಾಜಿಯಾಗಿ 195 ಜನರೂ ಮನೆಗೆ ಹೋದರು. ಸುಮಾರು ಒಂದು ಕೋಟಿ ನಿರಾಶ್ರಿತರನ್ನು ಹುಟ್ಟಿಸಿದ ಆ ದಾಳಿಗೆ ಯಾವ ಪಾಕಿಸ್ತಾನಿ ಸೇನಾಧಿಕಾರಿಯೂ ಕಟಕಟೆ ಹತ್ತಲಿಲ್ಲ. ಬಾಂಗ್ಲಾದೇಶ 2017ರಿಂದ ಮಾರ್ಚ್ 25ನ್ನು ಜನಾಂಗಹತ್ಯೆ ದಿನವಾಗಿ ಆಚರಿಸುತ್ತಿದೆ. ಸತ್ತವರು 30 ಲಕ್ಷ ಅನ್ನುವ ಸಂಖ್ಯೆ ಸರಿಯೋ ತಪ್ಪೋ ಅಂತ ಈಗಲೂ ಕಚ್ಚಾಡುತ್ತಾರೆ. ಕಾನೂನಿನ ಕಣ್ಣಲ್ಲಿ ಆ ಸಂಖ್ಯೆ ಅಲ್ಲಿ ನಿರ್ಣಾಯಕವೇ ಅಲ್ಲ.

ಇನ್ನು ಗಾಜಾ. ನೀವೆಲ್ಲ ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಜೊತೆಗಿದ್ದ ಗುಂಪುಗಳು ಇಸ್ರೇಲ್ ಒಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆ ಹಿಡಿದವು. ಆ ದಾಳಿಯೇ ಜನಾಂಗಹತ್ಯೆಯ ಸ್ವರೂಪದ್ದು ಎಂದು ವಾದಿಸಿದ ಕಾನೂನು ತಜ್ಞರೂ ಇದ್ದಾರೆ. ನಂತರದ ಯುದ್ಧದಲ್ಲಿ, 2025ರ ಅಕ್ಟೋಬರ್‌ನ ಕದನವಿರಾಮದ ಹೊತ್ತಿಗೆ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 67,000 ದಾಟಿದ್ದರು. 2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ ಬೆಂಬಲದ ಆಹಾರ ಭದ್ರತಾ ವ್ಯವಸ್ಥೆ ಗಾಜಾ ನಗರದ ಭಾಗದಲ್ಲಿ ಕ್ಷಾಮ ಇದೆ ಎಂದು ಘೋಷಿಸಿತು.

ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ ದಾವೆ ಹೂಡಿದ್ದು 2023ರ ಡಿಸೆಂಬರ್ 29ರಂದು. ನಾಲ್ಕೇ ವಾರಕ್ಕೆ, ಜನವರಿ 26ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು. ಈ ಆದೇಶವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿದರು. ಜನಾಂಗಹತ್ಯೆ ನಡೆಯುತ್ತಿರುವುದು ಸಂಭವನೀಯ ಎಂದು ನ್ಯಾಯಾಲಯ ಹೇಳಿದೆ ಅಂತ ಒಂದು ಕಡೆ. ನ್ಯಾಯಾಲಯ ಹಾಗೇನೂ ಹೇಳಿಲ್ಲ, ಯುದ್ಧ ನಿಲ್ಲಿಸಿ ಅಂತಲೂ ಹೇಳಿಲ್ಲ ಅಂತ ಇನ್ನೊಂದು ಕಡೆ. ಆಗ ಅಧ್ಯಕ್ಷರಾಗಿದ್ದ ಜೋನ್ ಡೊನಹ್ಯು ನಿವೃತ್ತಿಯ ಮೇಲೆ ಬಿಬಿಸಿಗೆ ಬಿಡಿಸಿ ಹೇಳಿದರು. ಜನಾಂಗಹತ್ಯೆಯಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕು ಮೇಲ್ನೋಟಕ್ಕೆ ಒಪ್ಪತಕ್ಕದ್ದು ಎಂದು ನ್ಯಾಯಾಲಯ ಕಂಡುಕೊಂಡಿತು, ನಡೆಯುತ್ತಿದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಿಲ್ಲ. ಸರಿ. ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಓದಿದ ಹಾಗೆ. ಆ ಹಕ್ಕಿಗೆ ಸರಿಪಡಿಸಲಾಗದ ಹಾನಿ ಆಗುವ ನಿಜವಾದ, ತೀರ ಹತ್ತಿರದ ಅಪಾಯ ಇದೆ ಅಂತಲೂ ಆದೇಶ ಹೇಳಿತ್ತು. ಪ್ರಚೋದನೆಯ ಮಾತುಗಳನ್ನು ತಡೆಯಿರಿ, ನೆರವು ಒಳಗೆ ಹೋಗಲು ಬಿಡಿ ಅನ್ನುವ ಎರಡು ಅಂಶಗಳಿಗೆ ಇಸ್ರೇಲ್ ನೇಮಿಸಿದ್ದ ನ್ಯಾಯಾಧೀಶ ಅಹರೋನ್ ಬರಾಕ್ ಕೂಡ ಮತ ಹಾಕಿದ್ದರು.

ಇಸ್ರೇಲ್‌ನ ವಾದವನ್ನು ನ್ಯಾಯವಾಗಿ ಹೇಳಬೇಕು. ಇದು ಹಮಾಸ್ ವಿರುದ್ಧದ ಆತ್ಮರಕ್ಷಣೆಯ ಯುದ್ಧ. ಹಮಾಸ್ ಜನರ ನಡುವೆ, ಸುರಂಗಗಳಲ್ಲಿ ಅಡಗಿದೆ. ದಾಳಿಗೆ ಮುಂಚೆ ಜಾಗ ಬಿಡಿ ಅಂತ ಎಚ್ಚರಿಕೆ ಕೊಟ್ಟಿದ್ದೇವೆ, ನೆರವು ಬಿಟ್ಟಿದ್ದೇವೆ. ನಾಶ ಮಾಡುವವರು ಇದನ್ನೆಲ್ಲ ಮಾಡುತ್ತಾರೆಯೇ? ನಾಯಕರ ಕಟುವಾದ ಮಾತುಗಳು ಹಮಾಸ್ ಬಗ್ಗೆ, ಅಥವಾ ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿ ಇಲ್ಲದವರ ಮಾತು. ಅಮೆರಿಕ, ಜರ್ಮನಿಯಂಥ ಸರ್ಕಾರಗಳು ಈ ವಾದದ ಜೊತೆ ನಿಂತವು. ಕೆಲವು ಇತಿಹಾಸಕಾರರು, ಕಾನೂನು ತಜ್ಞರು ಕೂಡ. ಎದುರು ವಾದ: ಮುತ್ತಿಗೆ, ನೀರು, ಆಹಾರ ತಡೆ, ಆಸ್ಪತ್ರೆ, ಮನೆಗಳ ನಾಶ, ಮತ್ತೆ ಮತ್ತೆ ಒಕ್ಕಲೆಬ್ಬಿಸುವುದು, ಇದೆಲ್ಲವನ್ನೂ ಒಟ್ಟಿಗೆ ಇಟ್ಟು, ಮಂತ್ರಿಗಳ ಮಾತಿನ ಪಕ್ಕದಲ್ಲಿ ಓದಿದರೆ ಬೇರೆ ಅರ್ಥ ಬರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಹೀಗಂದಿತು. 2025ರ ಜುಲೈನಲ್ಲಿ ಇಸ್ರೇಲ್‌ನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ ಅಂದಿತು. ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯ ತನಿಖಾ ಆಯೋಗ, ಐದು ಬಗೆಯ ಕೃತ್ಯಗಳಲ್ಲಿ ನಾಲ್ಕು ನಡೆದಿವೆ ಎಂದಿತು. ಅದರ ಆಗಿನ ಅಧ್ಯಕ್ಷೆ ನವಿ ಪಿಳ್ಳೈ. ಆಗ ಹೇಳಿದ್ದೆನಲ್ಲ, ಅವರೇ. ಇಸ್ರೇಲ್ ಈ ವರದಿಗಳನ್ನೆಲ್ಲ ಸುಳ್ಳು, ಪಕ್ಷಪಾತ ಎಂದು ತಳ್ಳಿಹಾಕಿತು.

ಗಾಜಾದಲ್ಲಿ ನಡೆಯುತ್ತಿರುವುದು ಜನಾಂಗಹತ್ಯೆಯೇ ಅನ್ನುವ, ಜನಾಂಗಹತ್ಯೆ ವಿದ್ವಾಂಸರ ಅಂತರರಾಷ್ಟ್ರೀಯ ಸಂಘದ ನಿರ್ಣಯದ ಸುತ್ತ ನಡೆದ ಗಲಾಟೆ ಈ ಚರ್ಚೆಯ ದೊಡ್ಡ ಮಾದರಿ. ಮತ ಹಾಕಿದವರಲ್ಲಿ 86% ಜನ ಹೌದು ಅಂದರು ಎಂದು ಸುದ್ದಿಯಾಯಿತು. ಸದಸ್ಯರಲ್ಲಿ ಬಹಳ ಜನ ಮತವನ್ನೇ ಹಾಕಿಲ್ಲ, ಸದಸ್ಯತ್ವ ಪಡೆಯುವುದೂ ಸುಲಭ ಎಂದು ಟೀಕೆ ಬಂತು. ಆಮೇಲೆ ವಾರಗಟ್ಟಲೆ ಮಾತಾಡಿದ್ದು ಆ ಸಂಘದ ನಿಯಮಗಳ ಬಗ್ಗೆ. ಗಾಜಾದ ಬಗ್ಗೆ ಅಲ್ಲ.

ನನಗೆ ಗೌರವ ಹುಟ್ಟಿಸಿದ್ದು ಓಮರ್ ಬಾರ್ಟೊವ್ ಅವರ ದಾರಿ. ಇಸ್ರೇಲ್‌ನಲ್ಲಿ ಹುಟ್ಟಿದವರು, ಅಲ್ಲಿಯ ಸೇನೆಯಲ್ಲಿ ಇದ್ದವರು, ಜನಾಂಗಹತ್ಯೆಯ ಇತಿಹಾಸಕಾರರು. 2023ರ ನವೆಂಬರ್‌ನಲ್ಲಿ ಯುದ್ಧಾಪರಾಧಗಳು ಆಗುತ್ತಿರಬಹುದು, ಜನಾಂಗಹತ್ಯೆಗೆ ಈಗ ಪುರಾವೆ ಇಲ್ಲ, ಆದರೆ ಅತ್ತ ಜಾರುವ ಅಪಾಯ ಇದೆ ಎಂದು ಬರೆದರು. 2025ರ ಜುಲೈ ಹೊತ್ತಿಗೆ ಹೌದು, ಇದು ಅದೇ ಅಂದರು. ಅವರ ತೀರ್ಮಾನ ಸರಿಯೋ ತಪ್ಪೋ, ಅದು ಬೇರೆ. ಯಾವ ಸಂಗತಿ ಬದಲಾದರೆ ನನ್ನ ಮಾತು ಬದಲಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿ, ಹಾಗೇ ನಡೆದುಕೊಂಡರು. ಉಳಿದವರಲ್ಲಿ ಜಾಸ್ತಿ ಜನ ಮೊದಲ ವಾರವೇ ತೀರ್ಪು ಬರೆದಿಟ್ಟು, ಆಮೇಲೆ ಸಂಗತಿಗಳನ್ನು ಆರಿಸಿಕೊಂಡರು. ಎರಡೂ ಕಡೆಯವರ ಬಗ್ಗೆ ಈ ಮಾತು ಹೇಳುತ್ತಿದ್ದೇನೆ.

ಕೆಲವು ವಾದಗಳನ್ನಂತೂ ಸುಮ್ನೆ ಪಕ್ಕಕ್ಕಿಡಬಹುದು. 'ಬೇಕಿದ್ದರೆ ಇನ್ನೂ ಲಕ್ಷಾಂತರ ಜನರನ್ನು ಕೊಲ್ಲಬಹುದಿತ್ತು' ಅನ್ನುವುದು ಕಾನೂನಿನ ಉತ್ತರ ಅಲ್ಲ, ಸ್ರೆಬ್ರೆನಿತ್ಸಾ ಅದನ್ನು ಮುಗಿಸಿದೆ. 'ಇಷ್ಟು ಸಾವಿರ ಸತ್ತ ಮೇಲೆ ಇನ್ನೇನು ಪುರಾವೆ ಬೇಕು' ಅನ್ನುವುದೂ ಅಲ್ಲ. ಆತ್ಮರಕ್ಷಣೆಯ ಹಕ್ಕು ಇದ್ದವನೂ ಈ ಅಪರಾಧ ಮಾಡಬಲ್ಲ. ಹಾಗೇ ಭೀಕರವಾದ ಯುದ್ಧವೊಂದು ಈ ಅಪರಾಧ ಆಗದೆಯೂ ಇರಬಲ್ಲದು. 2024ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲ್ ಪ್ರಧಾನಿ ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಮೇಲೆ ಬಂಧನದ ವಾರಂಟ್ ಹೊರಡಿಸಿದಾಗ ಅದರಲ್ಲಿ ಜನಾಂಗಹತ್ಯೆಯ ಆರೋಪ ಇರಲಿಲ್ಲ. ಹಸಿವನ್ನು ಯುದ್ಧದ ಆಯುಧವಾಗಿ ಬಳಸಿದ ಆರೋಪ ಇತ್ತು. ಇದನ್ನು ಯಾರಾದರೂ ಸಣ್ಣ ಆರೋಪ ಅಂದರೆ ನನಗೆ ಅರ್ಥವಾಗುವುದಿಲ್ಲ.

ಪದವನ್ನು ಅಗ್ಗ ಮಾಡುವವರ ಬಗ್ಗೆಯೂ ಒಂದು ಮಾತು. 2022ರ ಫೆಬ್ರವರಿಯಲ್ಲಿ ಪುಟಿನ್ ಉಕ್ರೇನ್‌ಗೆ ಸೈನ್ಯ ನುಗ್ಗಿಸುವಾಗ ಕೊಟ್ಟ ಕಾರಣಗಳಲ್ಲಿ ಪೂರ್ವ ಉಕ್ರೇನ್‌ನ ಡಾನ್‌ಬಾಸ್‌ನಲ್ಲಿ ಜನಾಂಗಹತ್ಯೆ ನಡೆಯುತ್ತಿದೆ ಅನ್ನುವುದೂ ಒಂದು. ಉಕ್ರೇನ್ ನ್ಯಾಯಾಲಯಕ್ಕೆ ಓಡಿತು. ನಾನು ಇದನ್ನು ಮಾಡಿಲ್ಲ ಅಂತ ಘೋಷಿಸಿ ಎಂದು ಕೇಳಿತು! ಮಾರ್ಚ್ 16ರಂದು 13-2 ಮತಗಳಲ್ಲಿ ನ್ಯಾಯಾಲಯ ಸೈನಿಕ ಕಾರ್ಯಾಚರಣೆ ನಿಲ್ಲಿಸುವಂತೆ ರಷ್ಯಾಗೆ ಹೇಳಿತು, ರಷ್ಯಾ ಕೇಳಲಿಲ್ಲ. ಮುಂದಿನ ತಿಂಗಳೇ ಬೈಡನ್ ರಷ್ಯಾ ಮಾಡುತ್ತಿರುವುದು ಜನಾಂಗಹತ್ಯೆ ಅಂದರು. ಮ್ಯಾಕ್ರನ್ ಆ ಪದ ಬಳಸಲು ಒಪ್ಪಲಿಲ್ಲ. ಒಂದೇ ಯುದ್ಧದಲ್ಲಿ ಪದ ಮೂರು ಕೈ ಬದಲಾಯಿಸಿತು.

ಉಪನ್ಯಾಸದ ನಂತರ ಒಬ್ಬರು ನೇರವಾಗಿ ಕೇಳಿದರು: ಸರ್, ಸುತ್ತಿ ಬಳಸಿ ಹೇಳಬೇಡಿ, ಗಾಜಾದಲ್ಲಿ ನಡೆದದ್ದು ಹೌದೋ ಅಲ್ಲವೋ?

ನಾನು ಹೇಳಿದ್ದು ಇಷ್ಟು. 2024ರ ಜನವರಿ 26ರ ನಂತರ ಗಂಭೀರ ಅಪಾಯ ಇರುವುದು ಗೊತ್ತಿರಲಿಲ್ಲ ಎಂದು ಯಾವ ಸರ್ಕಾರವೂ ಹೇಳುವಂತಿಲ್ಲ. ಹಾಗಾಗಿ ತಡೆಯುವ ಹೊಣೆ ಅಂದಿನಿಂದಲೇ ಎಲ್ಲರ ಮೇಲಿತ್ತು. ಹೌದು ಅನ್ನುವವರ ಕೈಯಲ್ಲಿ ಈಗ ಗಟ್ಟಿಯಾದ ದಾಖಲೆಗಳಿವೆ, ಅವರನ್ನು ದ್ವೇಷಿಗಳು ಅಂತ ಬಾಯಿ ಮುಚ್ಚಿಸುವುದು ತಪ್ಪು. 'ಒಂದೇ ಸಮಂಜಸ ತೀರ್ಮಾನ' ಅನ್ನುವ ಅಳತೆಗೆ ಅವು ಸಾಲುತ್ತವೆಯೋ ಅಂತ ಕೇಳುವವರನ್ನು ಹಂತಕರ ವಕೀಲರು ಅನ್ನುವುದೂ ತಪ್ಪು. ಅಲ್ಲ, ಆದ್ದರಿಂದ ಇಲ್ಲಿ ನೋಡುವಂಥದ್ದೇನೂ ಇಲ್ಲ ಅನ್ನುವವರ ಜೊತೆ ಮಾತ್ರ ನನಗೆ ಮಾತಿಲ್ಲ. ಕೇಳಿದವರಿಗೆ ಸಮಾಧಾನ ಆಗಲಿಲ್ಲ ಅಂತ ಕಾಣುತ್ತದೆ. ಇರಲಿ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಉದ್ದೇಶವನ್ನು ಸಾಬೀತು ಮಾಡುವ ಅಳತೆ ಹೀಗೇ ಇದ್ದರೆ ಯಾರಿಗಾದರೂ ಶಿಕ್ಷೆ ಆಗುತ್ತದೆಯೇ, ಅದು ಬದಲಾಗಬಹುದೇ?

ಬದಲಾಗಬಹುದು. ಅದಕ್ಕೆ ನೋಡಬೇಕಾದದ್ದು ರೋಹಿಂಗ್ಯಾ ಪ್ರಕರಣವನ್ನು. 2017ರಲ್ಲಿ ಮ್ಯಾನ್ಮಾರ್ ಸೇನೆಯ ಕಾರ್ಯಾಚರಣೆಯಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದರು. 2019ರಲ್ಲಿ ದಾವೆ ಹೂಡಿದ್ದು ದೂರದ ಪುಟ್ಟ ದೇಶ ಗ್ಯಾಂಬಿಯಾ. ಅದರ ಆಗಿನ ಕಾನೂನು ಸಚಿವರು ರುವಾಂಡಾ ನ್ಯಾಯಮಂಡಳಿಯಲ್ಲಿ ಅಭಿಯೋಜಕರಾಗಿ ಕೆಲಸ ಮಾಡಿದ್ದವರು. ಮ್ಯಾನ್ಮಾರ್ ಪರವಾಗಿ, ಆ ನ್ಯಾಯಾಲಯ ಇರುವ ಹೇಗ್‌ಗೆ ಬಂದು ನಿಂತವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಂಗ್ ಸಾನ್ ಸೂಕಿ. 2023ರ ನವೆಂಬರ್‌ನಲ್ಲಿ ಕೆನಡಾ, ಡೆನ್ಮಾರ್ಕ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್ ಈ ಆರು ದೇಶಗಳು ಸೇರಿ ಈ ಪ್ರಕರಣದಲ್ಲಿ ತಮ್ಮ ವಾದವನ್ನು ಸಲ್ಲಿಸಿದವು. ಊಹೆಯ ಅಳತೆಯನ್ನು ಅತಿಯಾಗಿ ಬಿಗಿ ಮಾಡಬೇಡಿ, ಹಾಗೆ ಮಾಡಿದರೆ ಈ ಅಪರಾಧ ಸಾಬೀತಾಗುವುದೇ ಇಲ್ಲ, ಬಲಿಯಾದವರು ಮಕ್ಕಳಾಗಿದ್ದರೆ ಹಾನಿಯನ್ನು ಅಳೆಯುವ ರೀತಿಯೂ ಬೇರೆ ಇರಬೇಕು ಅನ್ನುವುದು ಅವುಗಳ ಕೋರಿಕೆ. ಎರಡೇ ತಿಂಗಳಿಗೆ, 2024ರ ಜನವರಿಯಲ್ಲಿ, ಅದೇ ಜರ್ಮನಿ ಇಸ್ರೇಲ್ ಮೇಲಿನ ಆರೋಪಕ್ಕೆ ಆಧಾರವೇ ಇಲ್ಲ, ನಾವು ಇಸ್ರೇಲ್ ಪರವಾಗಿ ನ್ಯಾಯಾಲಯಕ್ಕೆ ಬರುತ್ತೇವೆ ಎಂದು ಘೋಷಿಸಿತು.

ನ್ಯಾಯಾಲಯಕ್ಕೆ ಒಂದು ಪ್ರಕರಣಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಂತ ಇಟ್ಟುಕೊಳ್ಳಲು ಆಗುವುದಿಲ್ಲ. ಮ್ಯಾನ್ಮಾರ್ ತೀರ್ಪಿನಲ್ಲಿ ಉದ್ದೇಶದ ಬಗ್ಗೆ ಏನು ಬರೆದಿರುತ್ತದೋ, ದಕ್ಷಿಣ ಆಫ್ರಿಕಾದ ವಕೀಲರೂ ಇಸ್ರೇಲ್‌ನ ವಕೀಲರೂ ಮೊದಲು ತೆರೆದು ಓದುವುದು ಆ ಪುಟಗಳನ್ನೇ.